ಎಡ್ಜ್ ಔಟ್‌ಗೆ ನಾನು ಹೇಳಿಕೊಟ್ಟ ಅರ್ಥ

ನನ್ನ ಸೇವಾ ಪುಸ್ತಕ ತೆರೆದು ನೋಡಿದವರಿಗೆ, ಶರಣಪ್ಪ ಎಂಬ ಇಂಗ್ಲಿಷ್ ಶಿಕ್ಷಕ ಯಲಬುರ್ಗಾ, ಕುಷ್ಟಗಿ, ಗಂಗಾವತಿ ಕಡೆಯ ಸರಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ದುಡಿದು, ಒಂದು ಮೆಮೋ ಕೂಡ ಇಲ್ಲದೆ ನಿವೃತ್ತನಾದ ಎಂದು ತಿಳಿಯುತ್ತದೆ. ಅದೆಲ್ಲ ನಿಜವೇ. ಆದರೆ ನಾನು ಹೊಟ್ಟೆಕಿಚ್ಚಿನ ಮನುಷ್ಯ ಎಂಬುದನ್ನು ಆ ಪುಸ್ತಕದಲ್ಲಿ ಯಾರೂ ಬರೆದಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುತ್ತಿರುವವರು ಪಾಠಯೋಜನೆ ಬರೆಯುವುದನ್ನು ಬೇರೆಯವರಿಂದ ಕಲಿತುಕೊಳ್ಳಲಿ. ನಾನು ಒಂದೇ ಒಂದು ಇಂಗ್ಲಿಷ್ ಮಾತಿನ ಕಥೆ ಹೇಳುತ್ತೇನೆ. ಅದರ ಅರ್ಥ ನನಗೆ ತಡವಾಗಿ ತಿಳಿಯಿತು, ತಿಳಿದ ಮೇಲೂ ನಾನು ಸುಧಾರಿಸಲಿಲ್ಲ.

ಮೊದಲು ಈ ಕೆಲಸ ಎಂಥದೆಂದು ಹೇಳಿಬಿಡುತ್ತೇನೆ. ಹಳ್ಳಿಯಲ್ಲಿ ಇಂಗ್ಲಿಷ್ ಮಾಸ್ತರನಿಗೆ ಶಾಲೆ ಬಿಟ್ಟ ಮೇಲೆಯೂ ಬಿಡುವಿಲ್ಲ. ಗುಳಿಗೆಯ ಪಾಕೀಟು, ಔಷಧಿ ಹೊಡೆಯುವ ಡಬ್ಬಿ, ಹೊಸ ಮಿಕ್ಸರಿನ ಜೊತೆ ಬಂದ ಪುಸ್ತಕ, ಎಲ್ಲವೂ ನನ್ನ ಕಟ್ಟೆಗೆ ಬರುತ್ತಿದ್ದವು. ಯಲಬುರ್ಗಾ ಕಡೆ ನನ್ನ ಮೊದಲ ಊರಿನಲ್ಲಿ ಒಬ್ಬ ರೈತ ಹೊಸ ನೀರೆತ್ತುವ ಮೋಟಾರು ಕೊಂಡು ಅದರ ಕಾಗದ ತಂದ. ‘ಡು ನಾಟ್ ರನ್ ಡ್ರೈ’ ಎಂದಿತ್ತು. ನಾನು ಒಂದೊಂದೇ ಶಬ್ದ ಬಿಡಿಸಿ, “ಒಣಗಿದಾಗ ಓಡಿಸಬ್ಯಾಡ ಅಂತ ಬರದಾರಪಾ. ಮೋಟಾರ ಹಸಿ ಇರಬೇಕು” ಎಂದೆ. ಪಾಪ, ಅವನು ದಿನಾ ಮುಂಜಾನೆ ಮೋಟಾರಿನ ಮೈಮೇಲೆ ಒಂದು ಕೊಡ ನೀರು ಸುರಿದು ಆಮೇಲೆ ಗುಂಡಿ ಒತ್ತಿದ. ಮೂರನೆಯ ದಿನಕ್ಕೆ ಅದು ಸುಟ್ಟುಹೋಯಿತು. ಒಳಗೆ ನೀರು ಬಾರದಿದ್ದಾಗ ಓಡಿಸಬೇಡಿ ಎಂಬುದು ಅದರ ಅರ್ಥವೆಂದು ಅಂಗಡಿಯವರು ಹೇಳಿ ಕಳಿಸಿದರಂತೆ. ಅವನು ನನ್ನ ಕಟ್ಟೆಗೆ ಬಂದು, “ಮಾಸ್ತರ್ರ, ನೀವು ಓದಿದ್ದು ಖರೇನ ಇರಬೇಕ್ರಿ. ಆದ್ರ ಆ ಮೋಟಾರಿಗೆ ನಿಮ್ಮ ಇಂಗ್ಲಿಷ್ ಬರಂಗಿಲ್ಲ ನೋಡ್ರಿ” ಎಂದು ನಕ್ಕು ಎದ್ದು ಹೋದ. ನಾನು ಒಂದು ವಾರ ಅವನ ಹೊಲದ ಕಡೆಯ ದಾರಿ ಹಿಡಿಯಲಿಲ್ಲ.

ನಾವು ಕಲಿತಿದ್ದೇ ಹಾಗೆ. ನಮ್ಮ ಮಾಸ್ತರರು ಹಲಗೆಯ ನಡುವೆ ಗೆರೆ ಎಳೆದು ಎಡಕ್ಕೆ ಇಂಗ್ಲಿಷ್ ಶಬ್ದ, ಬಲಕ್ಕೆ ಕನ್ನಡ ಅರ್ಥ ಬರೆಯುತ್ತಿದ್ದರು. ಒಂದು ಶಬ್ದಕ್ಕೆ ಒಂದೇ ಅರ್ಥ. ಎರಡನೆಯ ಅರ್ಥ ಕೇಳಿದ ಹುಡುಗನಿಗೆ ಕಿವಿ ಹಿಂಡಿಸಿಕೊಳ್ಳುವ ಭಾಗ್ಯ. ನಾನೂ ಅದೇ ಗೆರೆ ಎಳೆಯುತ್ತ ಬಂದೆ. ಆ ಗೆರೆಗೆ ಬಗ್ಗದ ಒಂದು ಜಾತಿ ಇಂಗ್ಲಿಷಿನಲ್ಲಿದೆ, ಫ್ರೇಸಲ್ ವರ್ಬ್ ಎನ್ನುತ್ತಾರೆ. ‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ. ಎರಡೂ ಸೇರಿದರೆ ಮೇಲೆ ಕೊಡುವುದಲ್ಲ, ಕೈಬಿಡುವುದು. ಇಂಥವನ್ನು ಗೈಡ್ ನೋಡಿ ಬಾಯಿಪಾಠ ಮಾಡಿಸುತ್ತಿದ್ದೆ. ಗೈಡಿನಲ್ಲಿ ಇಲ್ಲದ್ದಕ್ಕೆ ನಾನೇ ಅರ್ಥ ಹಚ್ಚುತ್ತಿದ್ದೆ.

ಹಾಗೆ ಹಚ್ಚಿದ್ದು ‘ಎಡ್ಜ್ ಔಟ್’. ಎಡ್ಜ್ ಎಂದರೆ ಅಂಚು, ಔಟ್ ಎಂದರೆ ಹೊರಗೆ. ಅಂಚು ಮೀರಿ ಹೊರಗೆ ಬರುವುದು. ಉದಾಹರಣೆಗೆ ‘ದ ಮಿಲ್ಕ್ ಎಡ್ಜ್ಡ್ ಔಟ್’, ಹಾಲು ಉಕ್ಕಿ ಚೆಲ್ಲಿತು. ಈ ವಾಕ್ಯ ನನಗೆ ಎಷ್ಟು ಚೆಂದ ಕಂಡಿತೆಂದರೆ ಪ್ರತಿ ವರ್ಷ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಒಮ್ಮೆ ತಪಾಸಣೆಗೆ ಬಂದ ಸಾಹೇಬರು ಹಿಂದಿನ ಬೆಂಚಿನಲ್ಲಿ ಕುಳಿತು ಅದನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು. “ಛಲೋ ಉದಾಹರಣೆ ಕೊಟ್ರಿ. ಮಕ್ಕಳಿಗೆ ಮನಿಯಾಗಿಂದು ಕೊಟ್ರ ಮರಿಯಂಗಿಲ್ಲ” ಎಂದು ಬೆನ್ನು ತಟ್ಟಿದರು. ಮಕ್ಕಳು ಮರೆಯಲಿಲ್ಲ, ಅದೇ ತೊಂದರೆ. ಕುಷ್ಟಗಿ ಬಸ್ ಸ್ಟ್ಯಾಂಡಿನ ಎದುರು ಚಹದಂಗಡಿ ಇಟ್ಟ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನನ್ನನ್ನು ಕಂಡ ಸಂಭ್ರಮದಲ್ಲಿ ಒಲೆ ಮರೆತು, ಆಮೇಲೆ ತಿರುಗಿ, “ಅಯ್ಯ ಸರ, ಹಾಲು ಎಡ್ಜ್ ಔಟ್ ಆತ್ರಿ!” ಎಂದು ಕೂಗಿದ. ನಾನು ಹೆಮ್ಮೆಯಿಂದ ಸುತ್ತ ಕುಳಿತವರ ಮುಖ ನೋಡಿದೆ.

ನನ್ನ ಕೊನೆಯ ಶಾಲೆ ಕುಕನೂರಿನಿಂದ ಬಸ್ಸಿನಲ್ಲಿ ಅರ್ಧ ತಾಸಿನ ಊರು. ಹೆಸರು ಬೇಡ, ಅಲ್ಲಿನವರು ಒಳ್ಳೆಯವರು. ಎಂಟು, ಒಂಬತ್ತು, ಹತ್ತು, ಪ್ರತಿ ತರಗತಿಗೂ ಎರಡು ವಿಭಾಗ. ಇಂಗ್ಲಿಷಿಗೆ ಎರಡು ಹುದ್ದೆ ಇದ್ದು ಒಂದು ಖಾಲಿ ಬಿದ್ದಿತ್ತು. ಆ ಜಾಗಕ್ಕೆ ಅತಿಥಿ ಶಿಕ್ಷಕಿಯಾಗಿ ಸುವರ್ಣಾ ಟೀಚರ್ ಬಂದರು. ಅತಿಥಿ ಶಿಕ್ಷಕರದು ಕಾಯಂ ನೌಕರಿ ಅಲ್ಲ. ಪ್ರತಿ ವರ್ಷ ಜೂನ್‌ಗೆ ಮೊದಲು ಶಾಲೆಯಿಂದ ಇಂಥ ವಿಷಯಕ್ಕೆ ಒಬ್ಬರು ಬೇಕು ಎಂದು ಪತ್ರ ಹೋಗಬೇಕು, ಹೋದರೆ ಆ ವರ್ಷ ಅವರು ಇರುತ್ತಾರೆ. ಸುವರ್ಣಾ ಅವರ ಅತ್ತೆಯ ಮನೆ ಕುಕನೂರು. ಮನೆಯ ಸೊಸೆ ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ಬಸ್ಸಿನಲ್ಲಿ ಬರುವಷ್ಟು ದೂರದ ಶಾಲೆಯಾದರೆ ಕಲಿಸಲಿ ಎಂದು ಅತ್ತೆ ಒಪ್ಪಿದ್ದರು. ಅಂಥ ಶಾಲೆ ನಮ್ಮದೊಂದೇ. ಇದನ್ನು ಅವರು ಮೊದಲ ದಿನವೇ ನನಗೆ ಹೇಳಿದ್ದರು, ಅಂದರೆ ಎಲ್ಲ ಗೊತ್ತಿದ್ದೇ ನಾನು ಮುಂದಿನದನ್ನು ಮಾಡಿದೆ.

ಮೊದಲ ತಿಂಗಳಲ್ಲೇ ನನ್ನ ಕಣ್ಣು ಕೆಂಪಾಯಿತು. ಮುಂಜಾನೆ ಅವರು ಬಸ್ಸಿನಿಂದ ಇಳಿಯುವ ಹೊತ್ತಿಗೆ ಹತ್ತು ಹದಿನೈದು ಮಕ್ಕಳು ಅಲ್ಲಿಯೇ ಕಾಯುತ್ತಿದ್ದರು. ಶಾಲೆಯವರೆಗೆ ತಪ್ಪುತಪ್ಪಾಗಿ ಇಂಗ್ಲಿಷಿನಲ್ಲೇ ಹರಟುತ್ತ ನಡೆಯುತ್ತಿದ್ದರು. ಟೀಚರ್ ತಪ್ಪನ್ನು ತಿದ್ದುತ್ತಿರಲಿಲ್ಲ. ಅದೇ ವಾಕ್ಯವನ್ನು ತಾವು ಸರಿಯಾಗಿ ಹೇಳಿ ಮುಂದಿನ ಮಾತಿಗೆ ಹೋಗುತ್ತಿದ್ದರು, ಅಷ್ಟೇ. ನಾನು ಎದುರು ಬಂದರೆ ಇಡೀ ಗುಂಪು ‘ಗುಡ್ ಮಾರ್ನಿಂಗ್ ಸರ್’ ಎಂದು ಒಂದೇ ರಾಗದಲ್ಲಿ ಹಾಡಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಇಪ್ಪತ್ತೆಂಟು ವರ್ಷ ಕಲಿಸಿದ ನನಗೆ ಸಿಕ್ಕಿದ್ದು ಆ ಒಂದು ರಾಗ. ಸುವರ್ಣಾ ಅವರ ಹಲಗೆಯ ಅಕ್ಷರ ಮಾತ್ರ ಕೆಟ್ಟದಾಗಿತ್ತು, ಸಾಲು ಬಲಕ್ಕೆ ಹೋದಂತೆ ಕೆಳಗೆ ಜಾರುತ್ತಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಎರಡು ತುತ್ತು ಹೆಚ್ಚಿಗೆ ಊಟ ಸೇರುತ್ತಿತ್ತು. ಮನೆಯಲ್ಲಿ ದಿನವೂ ಅವರ ಮಾತೇ ಆಡುತ್ತಿದ್ದೆನಂತೆ. ನನ್ನ ಹೆಂಡತಿ ನೀಲಮ್ಮ ಒಂದು ದಿನ ಕೇಳಿಯೇಬಿಟ್ಟಳು: “ದಿನಾ ಆ ಟೀಚರ್ ಸುದ್ದಿ ಹೇಳ್ತೀರಿ. ಆಕಿ ಛಲೋ ಕಲಸ್ತಾಳೋ ಇಲ್ಲೋ, ಅದೊಂದು ಹೇಳ್ರಿ.” ನಾನು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡೆ.

ಒಂದು ದಿನ ಹತ್ತನೆಯ ಬಿ ವಿಭಾಗದಿಂದ ಶಾಲೆಯೇ ಅಲ್ಲಾಡುವಂತೆ ನಗು ಕೇಳಿಸಿತು. ಗದ್ದಲ ನಿಲ್ಲಿಸುವ ನೆಪದಲ್ಲಿ ಕಿಟಕಿಯ ಹತ್ತಿರ ಹೋಗಿ ನಿಂತೆ. ಹಲಗೆಯ ಮೇಲೆ ಅವರ ಸೊಟ್ಟ ಅಕ್ಷರದಲ್ಲಿ ‘ಎಡ್ಜ್ ಔಟ್’ ಎಂದಿತ್ತು. ಅದರ ಕೆಳಗೆ ಕನ್ನಡದಲ್ಲಿ ‘ಸರಿ’ ಎಂದು ಬರೆದಿದ್ದರು.

“ಇದರ ಅರ್ಥ ಏನು?” ಎಂದು ಕೇಳಿದರು.

“ರೈಟ್ ರೀ ಟೀಚರ್, ಕರೆಕ್ಟ್ ರೀ” ಎಂದರು ಮಕ್ಕಳು.

“ಕುಕನೂರ ಬಸ್ಸಿನಾಗ ಮುದುಕವ್ವ ಬಂದು ನಿಮ್ಮ ಸೀಟಿನ ಬಾಜೂಕ ನಿಂತು ‘ಸರಿ ತಮ್ಮಾ’ ಅಂದ್ರ? ಆಗ ನೀ ಕರೆಕ್ಟ್ ಅದೀ ಅಂತ ಅರ್ಥ ಏನು?”

ಮಕ್ಕಳು ಹೋ ಎಂದು ನಕ್ಕರು. ಟೀಚರ್, ಮೂವರು ಕೂರುವ ಬೆಂಚಿನ ಮೇಲೆ ಮೂವರು ಹುಡುಗರನ್ನು ಕೂರಿಸಿ ನಾಲ್ಕನೆಯವನನ್ನು ಕರೆದರು. ಅವನು ತುದಿಗೆ ಅರ್ಧ ಕುಂಡಿ ಊರಿದ. “ಹಂಗ ಕುಂತು ಸರಕೋಂತ ಸರಕೋಂತ ಬಾ. ಯಾರಿಗೂ ದಬ್ಬಬ್ಯಾಡ, ಬಾಯಿ ಬಿಚ್ಚಬ್ಯಾಡ, ಗಡಿಬಿಡಿ ಮಾಡಬ್ಯಾಡ” ಎಂದರು. ಹುಡುಗ ಬೆರಳಷ್ಟು ಬೆರಳಷ್ಟು ಸರಿದ. ಅವನ ಪಕ್ಕದವನು ಸರಿದ, ಅವನಾಚೆಯವನೂ ಸರಿದ. ಕೊನೆಗೆ ಆ ತುದಿಯಲ್ಲಿದ್ದವನು ದೊಪ್ಪನೆ ನೆಲಕ್ಕೆ ಕುಳಿತ.

“ಈಗ ಹೇಳ್ರಿ. ಇವನನ್ನ ಯಾರು ದಬ್ಬಿದ್ರು?”

“ಯಾರೂ ದಬ್ಬಿಲ್ರಿ ಟೀಚರ್.”

“ಯಾರೂ ದಬ್ಬಿಲ್ಲ, ಯಾರೂ ಬೈದಿಲ್ಲ. ಆದ್ರ ಅವನ ಜಾಗಾ ಹೋತು. ಹಿಂಗ ಸಾವಕಾಶ ಸರದು ಸರದು ಒಬ್ಬರ ಜಾಗಾ ತಗೊಳ್ಳೂದಕ್ಕ ಎಡ್ಜ್ ಔಟ್ ಅಂತಾರ.”

ನಾನು ಕಿಟಕಿ ಬಿಟ್ಟು ಹೊರಟೆ. ಮೈಯೆಲ್ಲ ಉರಿಯುತ್ತಿತ್ತು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು, “ಟೀಚರ್ರ, ಎಡ್ಜ್ ಔಟ್ ಅಂದ್ರ ಹಾಲು ಉಕ್ಕಿದಂಗ ಹೊರಗ ಬರೂದು. ಮಕ್ಕಳಿಗೆ ತಪ್ಪು ಕಲಸಬ್ಯಾಡ್ರಿ. ತಪಾಸಣಿಗೆ ಬಂದ ಸಾಹೇಬ್ರು ಸುದ್ದಾ ನನ್ನ ಅರ್ಥಾನ ಬರಕೊಂಡು ಹೋಗ್ಯಾರ” ಎಂದೆ. ಅವರು ತಮ್ಮ ಬುತ್ತಿಯ ಮುಚ್ಚಳ ಮುಚ್ಚಿ ಮೆಲ್ಲಗೆ ಹೇಳಿದರು: “ನಾ ಡಿಕ್ಷನರಿ ನೋಡಿದ್ದೆ ಸರ. ಆದ್ರೂ ನಾನೂ ತಪ್ಪಬಹುದು. ನೀವೂ ಒಮ್ಮಿ ನೋಡ್ರಿ.” ದನಿಯಲ್ಲಿ ಒಂದಿಷ್ಟೂ ಸೊಕ್ಕಿರಲಿಲ್ಲ. ಸೊಕ್ಕಿದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಜಗಳವಾದರೂ ಆಡಬಹುದಿತ್ತು.

ಮನೆಗೆ ಬಂದು ಡಿಕ್ಷನರಿ ತೆಗೆದೆ. ಬಿಎಡ್ ಓದುವಾಗ ಕೊಂಡದ್ದು, ಹಾಳೆಗಳು ಅಂಟಿಕೊಂಡಿದ್ದವು. ಅವರು ಹೇಳಿದ್ದೇ ಇತ್ತು. ಹಾಲಿನ ಸುದ್ದಿಯೇ ಇರಲಿಲ್ಲ. ಎಷ್ಟು ವರ್ಷ, ಎಷ್ಟು ಮಕ್ಕಳು ನನ್ನ ಮಾತು ನಂಬಿ ಹಾಲು ಉಕ್ಕಿಸಿದರು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ. ಹೊಸ ಮಾಸ್ತರರೇ, ತಪ್ಪು ಗೊತ್ತಾದ ದಿನವೇ ತರಗತಿಗೆ ಹೋಗಿ, ನಾನು ತಪ್ಪು ಹೇಳಿದ್ದೆ ಎಂದುಬಿಡಿ. ಮಕ್ಕಳು ಎರಡು ನಿಮಿಷ ನಕ್ಕು ಮರೆಯುತ್ತಾರೆ. ನಾನು ಹೇಳಲಿಲ್ಲ. ಡಿಕ್ಷನರಿ ಮುಚ್ಚಿಟ್ಟು, ನಿನ್ನೆ ಬಂದ ಅತಿಥಿ ಶಿಕ್ಷಕಿಯ ಮುಂದೆ ಸಣ್ಣವನಾದೆನಲ್ಲ ಎಂದು ಮೈ ಪರಚಿಕೊಂಡೆ.

ಗಾಯದ ಮೇಲೆ ಬರೆ ಎಳೆದಂತೆ ಅದೇ ವಾರ ಹೆಡ್ ಮಾಸ್ತರರು ನಮ್ಮಿಬ್ಬರನ್ನೂ ಕರೆದರು. ವೀರಭದ್ರಪ್ಪನವರು ಸಾಧು ಮನುಷ್ಯ, ಕಡತಕ್ಕೆ ಹೆದರುವವರು, ಎಲ್ಲರಿಗೂ ಹೌದು ಎನ್ನುವವರು. “ಕೊಪ್ಪಳದಾಗ ಇಂಗ್ಲಿಷ್ ಶಿಕ್ಷಕರ ತರಬೇತಿ ಐತ್ರಿ. ನಮ್ಮ ಸಾಲಿಯಿಂದ ಒಬ್ರು ಮಾದರಿ ಪಾಠ ಮಾಡಬೇಕಂತ. ಸುವರ್ಣಾ ಟೀಚರ್ ಹೋಗಲಿ, ಆ ಬೆಂಚಿನ ಪಾಠ ಭಾಳ ಛಲೋ ಇತ್ತಂತಲ್ಲ” ಎಂದರು. ನನ್ನ ಬಾಯಿಂದ ತಾನಾಗಿ ಬಂತು: “ಅತಿಥಿ ಶಿಕ್ಷಕರನ್ನ ಕಳಸಾಕ ಬರಂಗಿಲ್ರಿ ಸರ. ನಿಯಮ ಐತಿ.” ಅಂಥ ನಿಯಮ ನಾನೆಲ್ಲಿಯೂ ಓದಿರಲಿಲ್ಲ. ವೀರಭದ್ರಪ್ಪನವರು ನಿಯಮ ಎಂಬ ಶಬ್ದ ಕೇಳಿದ ಕೂಡಲೇ ಪೆನ್ನು ತೆಗೆದು ನನ್ನ ಹೆಸರು ಬರೆದರು.

ಕೊಪ್ಪಳದ ಆ ತರಬೇತಿಗಳ ಬಗ್ಗೆಯೂ ಒಂದು ಮಾತು. ನನ್ನ ಸೇವೆಯಲ್ಲಿ ಒಂದು ಸಲ ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಬಳಸಲೇಬಾರದು ಎಂದು ಐದು ದಿನ ಹೇಳಿದರು. ಕೆಲವು ವರ್ಷದ ಮೇಲೆ ಕನ್ನಡ ಬಳಸಿ ಕಲಿಸಿದರೆ ಚೆನ್ನ ಎಂದು ಮತ್ತೆ ಐದು ದಿನ ಹೇಳಿದರು. ಎರಡಕ್ಕೂ ನಾವು ಸಹಿ ಹಾಕಿ, ಚಹಾ ಕುಡಿದು ಬಂದು ಹಲಗೆಯ ನಡುವೆ ಗೆರೆ ಎಳೆದೆವು. ಈ ಸಲ ನಾನು ನನ್ನದೇ ಹಳೆಯ ಪಾಠ ಮಾಡಿದೆ. ಮುಂದಿನ ಸಾಲಿನವರು ಮೊಬೈಲ್ ನೋಡುತ್ತಿದ್ದರು. ಹಿಂದಿನಿಂದ ಒಬ್ಬರು, “ಅಕ್ಷರ ಮಾತ್ರ ಮುತ್ತಿನಂಗ ಅದಾವ್ರಿ” ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಆ ‘ಮಾತ್ರ’ ಎಂಬ ಶಬ್ದ ಕೊಪ್ಪಳದಿಂದ ಕುಕನೂರಿನವರೆಗೂ ಚುಚ್ಚಿತು. ಆ ವೇದಿಕೆಯ ಮೇಲೆ ಸುವರ್ಣಾ ಇದ್ದಿದ್ದರೆ ಆ ಸಭೆ ಹೇಗೆ ನಗುತ್ತಿತ್ತು ಎಂಬುದನ್ನು ನೆನೆದು ಇನ್ನಷ್ಟು ಉರಿದುಕೊಂಡೆ.

ಶಾಲೆಯ ವೇಳಾಪಟ್ಟಿ ಬರೆಯುವವನು ನಾನು. ಅಕ್ಷರ ಚೆನ್ನಾಗಿದೆ ಎಂದು ಆ ಕೆಲಸ ನನಗೆ ಕೊಟ್ಟಿದ್ದರು. ಹೆಡ್ ಮಾಸ್ತರರ ಟೇಬಲ್ಲಿನ ಗಾಜಿನ ಕೆಳಗಿನ ಆ ಹಾಳೆಯನ್ನು ನಾನು ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದೆ, ಬೇಕಾದಾಗ ಅಳಿಸಬಹುದೆಂದು. ದಸರಾ ರಜೆ ಮುಗಿದ ಮೇಲೆ ಹತ್ತನೆಯ ಬಿ ವಿಭಾಗದ ಎದುರಿದ್ದ ಸುವರ್ಣಾ ಅವರ ಹೆಸರು ಅಳಿಸಿ ನನ್ನದು ಬರೆದೆ. ಹತ್ತನೆಯ ಫಲಿತಾಂಶಕ್ಕೆ ಕಾಯಂ ಶಿಕ್ಷಕ ಹೊಣೆ ಎಂದು ಕಾರಣ ಹೇಳಿದೆ. ಅವರು, “ಆತ್ರಿ ಸರ” ಎಂದರು. ಹದಿನೈದು ದಿನ ಬಿಟ್ಟು ಅವರ ಒಂಬತ್ತನೆಯ ಕ್ಲಾಸುಗಳನ್ನು ಮುಂಜಾನೆಯಿಂದ ಕೊನೆಯ ಪಿರಿಯಡ್‌ಗೆ ತಳ್ಳಿದೆ. ಆಟ ಆಡಿ ದಣಿದ ಮಕ್ಕಳು ಅಲ್ಲಿ ತೂಕಡಿಸುತ್ತಾರೆ ಎಂಬುದು ನನ್ನ ಲೆಕ್ಕ. ಸುವರ್ಣಾ ಆ ಮಕ್ಕಳನ್ನು ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋಗಿ ಅಲ್ಲಿಯೂ ನಗಿಸಿದರು. ಜನವರಿಯಲ್ಲಿ ಒಂಬತ್ತನೆಯದನ್ನೂ ತೆಗೆದುಕೊಂಡು, ಅವರಿಗೆ ಎಂಟನೆಯ ಕ್ಲಾಸು, ಗ್ರಂಥಾಲಯ ಮತ್ತು ಕಂಪ್ಯೂಟರಿನಲ್ಲಿ ಮಕ್ಕಳ ಹೆಸರು ತುಂಬುವ ಕೆಲಸ ಕೊಟ್ಟೆ. ನಾನು ಒಮ್ಮೆಯೂ ದನಿ ಎತ್ತಲಿಲ್ಲ, ಒಂದು ಕೆಟ್ಟ ಮಾತು ಆಡಲಿಲ್ಲ. ಪ್ರತಿ ಸಲ ನಗುನಗುತ್ತಲೇ ಹೇಳಿದೆ.

ಬೇಸಿಗೆಯ ರಜೆಯಲ್ಲಿ ಹೆಡ್ ಮಾಸ್ತರರು ಅತಿಥಿ ಶಿಕ್ಷಕರ ಪತ್ರ ಬರೆಯಲು ಕೂತಾಗ ನಾನು ಹತ್ತಿರವೇ ಇದ್ದೆ. “ಇಂಗ್ಲಿಷಿಗೆ ಬ್ಯಾಡ್ರಿ ಸರ. ಪಿರಿಯಡ್ ಎಲ್ಲಾ ಬಹುತೇಕ ನಾನ ತಗೊಳ್ಳಾಕತ್ತೀನಿ. ಉಳಿದವೂ ತಗೋತೀನಿ” ಎಂದೆ.

“ಶರಣಪ್ಪನವರ, ಆರೂ ಕ್ಲಾಸು ಒಬ್ರಿಗೇ ಭಾರ ಆಗೂದಿಲ್ಲೇನ್ರಿ?”

“ಏನೂ ಆಗಂಗಿಲ್ರಿ.”

“ಹಂಗಾದ್ರ ಒಂದ್ಸಲ ಬರದು ಕೊಡ್ರಿ” ಎಂದರು. ನಾನು ಮುತ್ತಿನಂಥ ಅಕ್ಷರದಲ್ಲಿ ಬರೆದು ಕೊಟ್ಟೆ.

ಜೂನ್‌ನಲ್ಲಿ ಶಾಲೆ ಶುರುವಾದ ದಿನ ಸುವರ್ಣಾ ಟೀಚರ್ ಎಂದಿನ ಬಸ್ಸಿಗೇ ಬಂದರು, ಕೈಯಲ್ಲಿ ಬುತ್ತಿಚೀಲ. ಮಕ್ಕಳು ಓಡಿಹೋಗಿ ಸುತ್ತ ನೆರೆದರು. ಹೆಡ್ ಮಾಸ್ತರರ ಕೋಣೆಗೆ ಹೋಗಿ ಬಂದ ಮೇಲೆ ನನ್ನ ಎದುರು ನಿಂತರು. “ಸರ, ಈ ಸಲ ಇಂಗ್ಲಿಷಿಗೆ ಪತ್ರಾನ ಹೋಗಿಲ್ಲಂತಲ್ರಿ?” ಎಂದು ಕೇಳಿದರು. “ನನಗೂ ಈಗ ಗೊತ್ತಾತು ನೋಡ್ರಿ. ಮ್ಯಾಲಿನವರು ಏನ ಮಾಡ್ತಾರೋ” ಎಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. “ಆತ್ರಿ ಸರ, ಬರ್ತೀನ್ರಿ” ಎಂದು ಹೊರಟರು. ಮರಳುವ ಬಸ್ಸಿಗೆ ಇನ್ನೂ ಎರಡು ತಾಸು ಇತ್ತು. ನಿಲ್ದಾಣದ ಕಟ್ಟೆಯ ಮೇಲೆ ಅವರು ಒಬ್ಬರೇ ಕೂತಿದ್ದನ್ನು ಶಾಲೆಯ ಗೇಟಿನಿಂದ ನೋಡಿದೆ. ಗೆದ್ದೆ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಅವತ್ತು ಊಟ ಚೆನ್ನಾಗಿಯೇ ಸೇರಿತು.

ಆ ವರ್ಷ ಎಡ್ಜ್ ಔಟ್ ಪಾಠ ಬಂದಾಗ ನಾನು ಹಾಲು ಉಕ್ಕಿಸಲಿಲ್ಲ. ಬೆಂಚು ತರಿಸಿದೆ. ಮೂವರು ಹುಡುಗಿಯರನ್ನು ಕೂರಿಸಿ ನಾಲ್ಕನೆಯವಳನ್ನು ಕರೆದು, ಸುವರ್ಣಾ ಆಡಿದ ಮಾತನ್ನೇ ಒಂದಕ್ಷರ ಬಿಡದೆ ಆಡಿದೆ. ಅವರು ನಿಲ್ಲಿಸಿದ ಜಾಗದಲ್ಲಿಯೇ ನಿಲ್ಲಿಸಿ ಕೇಳಿದೆ, “ಇವಳನ್ನ ಯಾರು ದಬ್ಬಿದ್ರು?” ಯಾರೂ ನಗಲಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ವಂತ ವಾಕ್ಯ ಬರೆದುಕೊಂಡು ಬನ್ನಿ ಎಂದು ಹೇಳಿ ಹೊರಬಂದೆ.

ಮರುದಿನ ನೋಟ್‌ಬುಕ್ಕುಗಳ ಅಟ್ಟಿ ಟೇಬಲ್ಲಿನ ಮೇಲಿತ್ತು. ಹೆಚ್ಚಿನವರು ಕ್ರಿಕೆಟ್ ತಂಡಗಳ ಬಗ್ಗೆ ಬರೆದಿದ್ದರು, ಒಬ್ಬ ತನ್ನ ಮನೆಯ ಹುಂಜದ ಬಗ್ಗೆ. ನಡುವೆ ಶಿವಲೀಲಾಳ ನೋಟ್‌ಬುಕ್ಕು ಬಂತು. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿ. ಮೂರನೆಯ ಸಾಲಿನಲ್ಲಿ ಒಂದೇ ವಾಕ್ಯ ಬರೆದಿದ್ದಳು: ‘ಶರಣಪ್ಪ ಸರ್ ಎಡ್ಜ್ಡ್ ಔಟ್ ಸುವರ್ಣಾ ಟೀಚರ್’.

ನಾನು ಆ ವಾಕ್ಯವನ್ನು ಮಾಸ್ತರನ ಕಣ್ಣಿನಿಂದಲೇ ನೋಡಿದೆ, ತಪ್ಪು ಹುಡುಕಿದೆ. ಕಾಲ ಸರಿಯಿತ್ತು, ಕಾಗುಣಿತ ಸರಿಯಿತ್ತು, ಕರ್ತೃ, ಕರ್ಮ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿದ್ದವು. ನನ್ನ ಕೈಯಲ್ಲಿ ಕಲಿತ ಯಾವ ಮಗುವೂ ಅಷ್ಟು ಅಚ್ಚುಕಟ್ಟಾದ ವಾಕ್ಯವನ್ನು ಸ್ವಂತವಾಗಿ ಬರೆದಿರಲಿಲ್ಲ. ಹಿಂದಿನ ವರ್ಷ ಒಂಬತ್ತನೆಯ ಕ್ಲಾಸಿನಲ್ಲಿ ಅವಳಿಗೆ ಅದನ್ನು ಬರೆಯಲು ಕಲಿಸಿದವರು ಸುವರ್ಣಾ. ಆಗಲೂ, ಆ ಹೊತ್ತಿನಲ್ಲೂ, ನಾಚಿಕೆಗಿಂತ ಮೊದಲು ನನಗೆ ಬಂದದ್ದು ಹೊಟ್ಟೆಕಿಚ್ಚೇ. ಬಹಳ ಹೊತ್ತು ಕೆಂಪು ಪೆನ್ನು ಹಿಡಿದು ಕೂತೆ. ಕೊನೆಗೆ ಸರಿ ಗುರುತು ಹಾಕಿ ನೋಟ್‌ಬುಕ್ಕು ಅಟ್ಟಿಯಲ್ಲಿ ಸೇರಿಸಿದೆ. ಮರುದಿನ ಶಿವಲೀಲಾ ಅದನ್ನು ತೆರೆದು ಗುರುತು ನೋಡಿ, ತಲೆ ಎತ್ತದೆ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು.

ಹೆಡ್ ಮಾಸ್ತರರ ಬಳಿ ಹೋಗಿ, ಆರು ಕ್ಲಾಸು ನನ್ನಿಂದ ಆಗುತ್ತಿಲ್ಲ, ಸುವರ್ಣಾ ಅವರನ್ನು ಕರೆಸೋಣ ಎಂದೆ. ಅವರು ಕಪಾಟಿನಿಂದ ಕಡತ ತೆಗೆದು ನನ್ನ ಪತ್ರ ನನ್ನ ಮುಂದೆಯೇ ಇಟ್ಟರು. “ನಿಮ್ಮ ಅಕ್ಷರದಾಗ ಐತಲ್ರಿ. ‘ಯಾವುದೇ ತೊಂದರೆ ಇಲ್ಲದೆ ನಿರ್ವಹಿಸುತ್ತೇನೆ’ ಅಂತ ಬರದೀರಿ. ಈಗ ನಾ ಮ್ಯಾಲೆ ಏನಂತ ಬರೀಲಿ?” ಅದಾದ ಮೇಲೆ ನಿವೃತ್ತಿಯವರೆಗೆ ಆರೂ ಕ್ಲಾಸು ನಾನೇ ಎಳೆದೆ. ಸಂಜೆಗೆ ಗಂಟಲು ಕಟ್ಟಿ ನೀಲಮ್ಮನ ಜೊತೆ ಕೈಸನ್ನೆಯಲ್ಲಿ ಮಾತಾಡುವಂತಾಯಿತು. “ಏನಾರ ಪಾಪ ಮಾಡೀರೇನ್ರಿ, ದೇವರು ದನೀನ ಕಸಗೊಂಡಾನ” ಎಂದು ಆಕೆ ತಮಾಷೆ ಮಾಡಿದಳು. ನಾನು ಆಕೆಗೆ ಏನೂ ಹೇಳಿರಲಿಲ್ಲ.

ನಿವೃತ್ತಿಯಾದ ಮೇಲೆ ಗಂಗಾವತಿಗೆ ಒಂದು ಮದುವೆಗೆ ಹೋದಾಗ ಶಿವಲೀಲಾ ಸಿಕ್ಕಳು. ಡಿಗ್ರಿ ಓದುತ್ತಿದ್ದಾಳೆ. ನಮಸ್ಕಾರ ಮಾಡಿದಳು. ನಾನೇ ಸುವರ್ಣಾ ಟೀಚರ್ ಸುದ್ದಿ ತೆಗೆದೆ. “ಕಾರಟಗ್ಯಾಗ ಅದಾರ್ರಿ ಸರ. ಅವರ ಮನಿಯವರಿಗೆ ಅಲ್ಲಿ ರೈಸ್ ಮಿಲ್ಲಿನಾಗ ಕೆಲಸ. ಒಂದು ಖಾಸಗಿ ಸಾಲಿಯಾಗ ಕಲಸ್ತಾರ. ನಾ ವಾರಕ್ಕೊಮ್ಮಿ ಫೋನ್ ಮಾಡ್ತೀನ್ರಿ” ಎಂದಳು. ನನ್ನ ಯಾವ ವಿದ್ಯಾರ್ಥಿಯೂ ವಾರಕ್ಕೊಮ್ಮೆ ಅಲ್ಲ, ವರ್ಷಕ್ಕೊಮ್ಮೆಯೂ ನನಗೆ ಫೋನ್ ಮಾಡುವುದಿಲ್ಲ. ಅದನ್ನು ಯೋಚಿಸುತ್ತಲೇ ಮರುದಿನ ಕ್ಷಮೆ ಕೇಳಬೇಕೆಂದು ಕಾರಟಗಿಯ ಬಸ್ಸು ಹತ್ತಿದೆ.

ಶಾಲೆ ಮಿಲ್ಲುಗಳ ಹಿಂದಿನ ಓಣಿಯಲ್ಲಿತ್ತು, ಗಾಳಿಯಲ್ಲಿ ಭತ್ತದ ಹೊಟ್ಟಿನ ಧೂಳು. ಚಪರಾಸಿ ಒಳಗೆ ಹೋಗಿ ಹೇಳಿದ. ಅವರು ಬೆರಳಿಗೆ ಸೀಮೆಸುಣ್ಣ ಮೆತ್ತಿಕೊಂಡೇ ವರಾಂಡಕ್ಕೆ ಬಂದರು. “ಅಯ್ಯ, ಸರ! ಬರ್ರಿ ಬರ್ರಿ. ನೀರು ಕುಡೀತೀರೇನು?” ಎಂದರು. ನಾನು ಕೂರಲಿಲ್ಲ. ಕೂತರೆ ಹೇಳಲು ಆಗುವುದಿಲ್ಲ ಎಂದು ಗೊತ್ತಿತ್ತು.

“ಟೀಚರ್ರ, ಆ ವರ್ಷ ನಿಮ್ಮ ಪತ್ರ ಹೋಗದಂಗ ಮಾಡಿದ್ದು ಮ್ಯಾಲಿನವರಲ್ಲ. ನಾನು.”

“ಗೊತ್ತೈತ್ರಿ ಸರ.”

“ಯಾರು ಹೇಳಿದ್ರು?”

“ಯಾರೂ ಹೇಳಲಿಲ್ರಿ. ಆ ದಿನ ಹೆಡ್ ಮಾಸ್ತರ್ ಟೇಬಲ್ಲಿನ ಮ್ಯಾಲ ಹೊಸಾ ವೇಳಾಪಟ್ಟಿ ಇತ್ತು. ಆರೂ ಕ್ಲಾಸಿನ ಮುಂದ ನಿಮ್ಮ ಹೆಸರು. ಈ ಸಲ ಪೆನ್ನಿನಾಗ ಬರದಿದ್ರಿ.”

ಅವರು ಕೈಯ ಸುಣ್ಣ ಒರೆಸಿಕೊಳ್ಳುತ್ತ ಮುಂದುವರಿಸಿದರು. “ಎರಡು ವರ್ಷ ಮನಿಯಾಗ ಕುಂತೆ ಸರ. ರೊಟ್ಟಿ ಬಡಿದೆ, ಮನಿಗೆಲಸ ಮಾಡಿದೆ, ಅದಕ್ಕೇನೂ ಬ್ಯಾಸರಿಲ್ಲ. ಆದ್ರ ಆ ಎರಡು ವರ್ಷ ಇಂಗ್ಲಿಷಿನಾಗ ಒಬ್ಬರ ಜೋಡಿನೂ ಮಾತಾಡ್ಲಿಲ್ಲ. ಒಲಿ ಮುಂದ ನಾನ ಕೇಳೂದು, ನಾನ ಉತ್ತರಾ ಕೊಡೂದು. ಅತ್ತಿ, ಈಕಿಗೆ ಗಾಳಿ ಏನಾರ ಬಡಕೊಂಡೈತೇನು ಅಂತ ಅಂಜಿದ್ರು.” ಹೇಳುತ್ತ ಸ್ವಲ್ಪ ನಕ್ಕರು. ಆ ನಗು ಬೇಗನೆ ಹೋಯಿತು.

“ಅದಕ್ಕ ಬಂದೀನ್ರಿ,” ಎಂದೆ, “ನಿಮಗ...”

“ಬ್ಯಾಡ್ರಿ ಸರ,” ಎಂದು ಅವರು ಕೈ ಎತ್ತಿದರು. “ಕ್ಷಮಾ ಮಾಡು ಅಂತ ಕೇಳಬ್ಯಾಡ್ರಿ. ನೀವು ಹಿರೇರು, ಕೇಳಿದ್ರ ನಾ ಹೂಂ ಅನ್ನಬೇಕಾಗತೈತಿ. ನನಗ ಇನ್ನೂ ಆ ಮನಸ್ಸು ಬಂದಿಲ್ಲ.”

ಒಳಗೆ ಮಕ್ಕಳ ಗಲಾಟೆ ಜೋರಾಯಿತು. “ಊಟಾ ಮಾಡಕೊಂಡು ಹೋಗ್ರಿ, ಬಿಸಿಲು ಭಾಳ ಐತಿ” ಎಂದು ಹೇಳಿ ಅವರು ಕ್ಲಾಸಿಗೆ ಹೋದರು. ನಾನು ವರಾಂಡದಲ್ಲಿ ನಿಂತೇ ಇದ್ದೆ. ನಿಮಿಷ ಕಳೆಯುವುದರೊಳಗೆ ಒಳಗಿನಿಂದ ನಗು ಕೇಳಿಸಿತು, ಆಮೇಲೆ ಯಾರೋ ಒಬ್ಬ ಹುಡುಗ ಇಂಗ್ಲಿಷಿನಲ್ಲಿ ಏನೋ ತಪ್ಪು ಹೇಳಿದ, ಅವರು ಅದನ್ನು ಸರಿಯಾಗಿ ಹೇಳಿ ಮುಂದೆ ಹೋದರು. ಕ್ಷಮೆ ಕೇಳಬಾರದು ಎಂದು ಅವರು ಹೇಳಿದ್ದರು, ಕೇಳಲಿಲ್ಲ. ಕೇಳಿದ್ದರೆ ಹೂಂ ಅನ್ನುತ್ತಿದ್ದರು ಎಂಬುದು ನನಗೆ ಗೊತ್ತು. ಓಣಿ ದಾಟಿ ಬಸ್ ಸ್ಟ್ಯಾಂಡಿಗೆ ನಡೆದೆ. ಅರ್ಧ ದಾರಿಯವರೆಗೂ ಆ ಮಕ್ಕಳ ನಗು ಕೇಳುತ್ತಿತ್ತು. ಆಗಲೂ ನನ್ನ ಹೊಟ್ಟೆ ಉರಿಯುತ್ತಲೇ ಇತ್ತು.